ಮೇಷ್ಟರಿಗೆ ಎಷ್ಟು ಅಂಕ?

ಪರೀಕ್ಷೆ ಬರೆದ ವಿದ್ಯಾರ್ಥಿಗೆ ಮೇಷ್ಟರು ಅಂಕ ಕೊಡುವುದು ಲೋಕರೂಢಿ. ಪಾಠ ಮಾಡಿದ ಮೇಷ್ಟರಿಗೆ ವಿದ್ಯಾರ್ಥಿಯೇ ಅಂಕ ಕೊಟ್ಟರೆ? ಹಳೆಯ ತಲೆಮಾರಿನ ತಂದೆತಾಯಿಗಳು ಹುಬ್ಬೇರಿಸಿಯಾರು. ಆದರೆ ಇದು ಹೊಸ ಪದ್ಧತಿಯೇನಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹರ್ಮನ್ ರೆಮ್ಮರ್ಸ್ 1920ರ ದಶಕದಲ್ಲೇ ವಿದ್ಯಾರ್ಥಿಗಳಿಂದ ಅಧ್ಯಾಪಕರನ್ನು ಅಳೆಯಿಸುವ ನಮೂನೆಯೊಂದನ್ನು ಸಿದ್ಧಪಡಿಸಿದ್ದರು. ಅಲ್ಲಿಂದೀಚೆಗೆ ಅಮೆರಿಕದ ಕಾಲೇಜುಗಳಲ್ಲಿ ಇದು ಸೆಮಿಸ್ಟರಿನ ಕೊನೆಯ ವಾರದ ಮಾಮೂಲಿ ಕೆಲಸವಾಯಿತು. ವಿಷಯ ಸ್ಪಷ್ಟವಾಗಿತ್ತೇ? ಅಧ್ಯಾಪಕರು ಸಿದ್ಧತೆ ಮಾಡಿಕೊಂಡು ಬರುತ್ತಿದ್ದರೇ? ಒಟ್ಟಿನಲ್ಲಿ ಐದಕ್ಕೆ ಎಷ್ಟು ಕೊಡುತ್ತೀರಿ? ಹೆಸರು ಬರೆಯಬೇಕಾಗಿಲ್ಲ. ಹೀಗೆ ಬಂದ ಅಂಕಗಳನ್ನು ನೋಡಿ ಅಧ್ಯಾಪಕರ ಬಡ್ತಿ, ನೌಕರಿಯ ಮುಂದುವರಿಕೆ ನಿರ್ಧಾರವಾಗುವುದೂ ಉಂಟು.

ನಮ್ಮಲ್ಲೂ ಈ ಗಾಳಿ ಬೀಸಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲೇ. 2017ರಲ್ಲಿ ಅದು ಜಾರಿಗೆ ತಂದ ಹೊಸ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆಗೂ ಸ್ಥಾನ ಸಿಕ್ಕಿತು. ತರಗತಿಯಲ್ಲಿ ಪಠ್ಯಕ್ರಮ ಎಷ್ಟು ಭಾಗ ಮುಗಿಯಿತು ಎಂಬಲ್ಲಿಂದ ಶುರುವಾಗುವ ಪ್ರಶ್ನೆಗಳು ಅದರಲ್ಲಿವೆ.

ಕೇಳುವುದೇನೋ ಒಳ್ಳೆಯದೇ. ಊಟದ ರುಚಿ ಉಂಡವನಿಗೆ ತಾನೇ ಗೊತ್ತು! ಆದರೆ ಉಂಡದ್ದು ಮೈಗೆ ಹತ್ತಿತೇ ಎಂಬುದು ಎಲೆಯ ಮುಂದೆ ಕುಳಿತಾಗಲೇ ಗೊತ್ತಾಗುವುದಿಲ್ಲ. ಪಾಠದ ಮಾತೂ ಹಾಗೆಯೇ. ಇದನ್ನು ಪರೀಕ್ಷಿಸಿ ನೋಡಲು ಕಲನಶಾಸ್ತ್ರ, ಅಂದರೆ ಕ್ಯಾಲ್ಕುಲಸ್, ಬಹಳ ಅನುಕೂಲವಾದ ವಿಷಯ. ಏಕೆಂದರೆ ಅದು ಮೆಟ್ಟಿಲಿನಂತಿದೆ. ಮೊದಲ ಕೋರ್ಸಿನಲ್ಲಿ ಕಲಿತದ್ದು ಎರಡನೆಯದಕ್ಕೆ ಬೇಕು, ಭೌತಶಾಸ್ತ್ರಕ್ಕೆ ಬೇಕು, ಎಂಜಿನಿಯರಿಂಗಿನ ಒಂದೊಂದು ವಿಷಯಕ್ಕೂ ಬೇಕು. ಮೊದಲ ಮೆಟ್ಟಿಲು ಗಟ್ಟಿಯಾಗಿತ್ತೋ ಇಲ್ಲವೋ ಎಂಬುದು ಎರಡನೆಯ ಮೆಟ್ಟಿಲಿನಲ್ಲಿ ಬಯಲಾಗುತ್ತದೆ.

ಡಾಕ್ಟರ್ ಫಾಕ್ಸ್ ಪ್ರಸಂಗ

ಮೊದಲು ಒಂದು ತಮಾಷೆಯ ಪ್ರಯೋಗ. 1970ರಲ್ಲಿ ಅಮೆರಿಕದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಮುಂತಾದವರ ಸಭೆಯೊಂದರಲ್ಲಿ ಡಾಕ್ಟರ್ ಮೈರಾನ್ ಫಾಕ್ಸ್ ಎಂಬುವರ ಉಪನ್ಯಾಸ ಏರ್ಪಟ್ಟಿತು. ವಿಷಯ: ವೈದ್ಯರ ಶಿಕ್ಷಣದಲ್ಲಿ ಗಣಿತದ ಆಟ ಸಿದ್ಧಾಂತದ ಬಳಕೆ. ಮಾತು ಸೊಗಸಾಗಿತ್ತು, ನಡುನಡುವೆ ನಗೆಚಟಾಕಿ, ಕೊನೆಯಲ್ಲಿ ಪ್ರಶ್ನೋತ್ತರ. ಕೇಳುಗರಲ್ಲಿ ಹೆಚ್ಚಿನವರು ಉಪನ್ಯಾಸವನ್ನು ಮೆಚ್ಚಿ ನಮೂನೆ ತುಂಬಿದರು. ಆದರೆ ಡಾಕ್ಟರ್ ಫಾಕ್ಸ್ ಎಂಬ ವಿದ್ವಾಂಸರೇ ಇರಲಿಲ್ಲ! ವೇದಿಕೆಯ ಮೇಲಿದ್ದವರು ಮೈಕೇಲ್ ಫಾಕ್ಸ್ ಎಂಬ ನಟ. ಒಂದಕ್ಕೊಂದು ಹೊಂದದ ಮಾತು, ಅರ್ಥವಿಲ್ಲದ ಪಾರಿಭಾಷಿಕ ಪದಗಳನ್ನು ಆತ್ಮವಿಶ್ವಾಸದಿಂದ ಆಡುವಂತೆ ಅವರಿಗೆ ತರಬೇತಿ ಕೊಡಲಾಗಿತ್ತು. ಮೋಸ ಒಬ್ಬರಿಗೂ ತಿಳಿಯಲಿಲ್ಲ. 1973ರಲ್ಲಿ ಈ ಪ್ರಯೋಗದ ವಿವರ ಪ್ರಕಟವಾದಾಗ ವಿದ್ವತ್ ವಲಯದಲ್ಲಿ ನಗೆಯೂ ಮುಜುಗರವೂ ಒಟ್ಟಿಗೇ ಎದ್ದವು.

ಆದರೆ ಒಂದು ಗಂಟೆಯ ಉಪನ್ಯಾಸ ಬೇರೆ, ಒಂದು ಸೆಮಿಸ್ಟರಿನ ಪಾಠ ಬೇರೆ. ನಾಲ್ಕು ತಿಂಗಳು ಒಬ್ಬರ ಮುಂದೆ ಕುಳಿತ ವಿದ್ಯಾರ್ಥಿಗೆ ಅವರ ಬಂಡವಾಳ ಗೊತ್ತಾಗದೇ? ಇದನ್ನು ಸರಿಯಾಗಿ ಅಳೆಯಲು ಹೊರಟವರಿಗೆ ಒಂದು ದೊಡ್ಡ ಅಡ್ಡಿಯಿತ್ತು. ಸಾಮಾನ್ಯವಾಗಿ ಅಮೆರಿಕದ ವಿದ್ಯಾರ್ಥಿಗಳು ತಮಗೆ ಬೇಕಾದ ಅಧ್ಯಾಪಕರ ತರಗತಿಯನ್ನು ತಾವೇ ಆರಿಸಿಕೊಳ್ಳುತ್ತಾರೆ. ಜಾಣರೆಲ್ಲ ಒಬ್ಬರ ಬಳಿ ಸೇರಿದರೆ ಫಲಿತಾಂಶದ ಕೀರ್ತಿ ಯಾರಿಗೆ? ಅಲ್ಲದೆ ಪ್ರಶ್ನೆಪತ್ರಿಕೆ ತೆಗೆಯುವವರೂ ತಿದ್ದುವವರೂ ಆ ಅಧ್ಯಾಪಕರೇ. ಅಂಕ ಧಾರಾಳವಾಗಿ ಕೊಟ್ಟವರಿಗೆ ವಿದ್ಯಾರ್ಥಿಗಳೂ ಧಾರಾಳವಾಗಿ ಕೊಟ್ಟಾರು.

ವಾಯುಪಡೆಯ ತರಗತಿಗಳು

ಈ ಅಡ್ಡಿಗಳಿಲ್ಲದ ಒಂದು ಜಾಗ ಸಿಕ್ಕಿದ್ದು ಕೊಲರಾಡೊ ರಾಜ್ಯದಲ್ಲಿರುವ ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ. ಇಲ್ಲಿ ಅಧಿಕಾರಿಗಳಾಗಲಿರುವ ಕೆಡೆಟ್‌ಗಳು ಪದವಿ ಓದುತ್ತಾರೆ. ಎಲ್ಲರಿಗೂ ಕಲನಶಾಸ್ತ್ರ ಕಡ್ಡಾಯ. ಯಾರು ಯಾವ ಅಧ್ಯಾಪಕರ ತರಗತಿಗೆ ಎಂಬುದನ್ನು ಅಕಾಡೆಮಿಯೇ ಚೀಟಿ ಎತ್ತಿದ ಹಾಗೆ ಹಂಚುತ್ತದೆ. ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪರೀಕ್ಷೆಯ ಹೊತ್ತೂ ಒಂದೇ. ಗಣಿತದ ಉತ್ತರಪತ್ರಿಕೆಗಳನ್ನು ತಿದ್ದುವ ರೀತಿಯಂತೂ ಗಮನಿಸಬೇಕಾದದ್ದು: ಒಬ್ಬ ಅಧ್ಯಾಪಕರು ಎಲ್ಲ ವಿದ್ಯಾರ್ಥಿಗಳ ಮೊದಲ ಪ್ರಶ್ನೆಯನ್ನು ತಿದ್ದಿದರೆ ಇನ್ನೊಬ್ಬರು ಎಲ್ಲರ ಎರಡನೆಯ ಪ್ರಶ್ನೆಯನ್ನು. ತಮ್ಮವರಿಗೆ ಕೈ ಸಡಿಲಿಸುವ ಅವಕಾಶವೇ ಇಲ್ಲ. ಮುಂದೆ ಕಲನಶಾಸ್ತ್ರದ ಎರಡನೆಯ ಕೋರ್ಸು, ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಷಯಗಳೂ ಕಡ್ಡಾಯವಾದ್ದರಿಂದ ನಡುವೆ ತಪ್ಪಿಸಿಕೊಂಡು ಹೋಗುವಂತಿಲ್ಲ.

ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2000ದಿಂದ 2007ರವರೆಗೆ ಇಲ್ಲಿ ಓದಿದ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ತೆಗೆದು ಲೆಕ್ಕ ಹಾಕಿದರು. 2010ರಲ್ಲಿ ಪ್ರಕಟವಾದ ಅವರ ಲೇಖನ ಹೇಳಿದ್ದು ಇಷ್ಟು. ಅನುಭವ ಕಡಿಮೆ ಇರುವ, ಡಾಕ್ಟರೇಟ್ ಇಲ್ಲದ ಅಧ್ಯಾಪಕರ ವಿದ್ಯಾರ್ಥಿಗಳು ಮೊದಲ ಕೋರ್ಸಿನ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಅಂಕ ತೆಗೆದರು. ಮೇಷ್ಟರಿಗೂ ಹೆಚ್ಚು ಅಂಕ ಕೊಟ್ಟರು. ಹಳಬರಾದ, ಹೆಚ್ಚು ಓದಿದ ಅಧ್ಯಾಪಕರ ವಿದ್ಯಾರ್ಥಿಗಳಿಗೆ ಆಗ ಅಂಕ ಕಡಿಮೆ, ಮೆಚ್ಚುಗೆಯೂ ಕಡಿಮೆ. ಆದರೆ ಮುಂದಿನ ಕೋರ್ಸುಗಳಿಗೆ ಬರುವಷ್ಟರಲ್ಲಿ ತಕ್ಕಡಿ ಅತ್ತ ವಾಲಿತ್ತು! ಹಳಬರ ಕೈಯಲ್ಲಿ ಕಲಿತವರು ಅಲ್ಲಿ ಮುಂದಿದ್ದರು. ವಿದ್ಯಾರ್ಥಿಗಳ ಮೆಚ್ಚುಗೆ ಅಂದಿನ ಪರೀಕ್ಷೆಯ ಅಂಕದ ಜೊತೆ ಏರುತ್ತಿತ್ತು. ಮುಂದಿನ ಕೋರ್ಸಿನ ಅಂಕದ ಜೊತೆ ಇಳಿಯುತ್ತಿತ್ತು.

ವ್ಯತ್ಯಾಸ ಭಾರಿ ದೊಡ್ಡದೇನಲ್ಲ. ಆದರೆ ಅದರ ದಿಕ್ಕು ಯೋಚನೆಗೆ ಹಚ್ಚುವಂಥದು. ಹೀಗೇಕಾಯಿತು? ಹೊಸಬರು ಪಠ್ಯಕ್ರಮದ ಗೆರೆ ದಾಟದೆ ಪರೀಕ್ಷೆಗೆ ಬೇಕಾದಷ್ಟನ್ನೇ ಅಚ್ಚುಕಟ್ಟಾಗಿ ಕಲಿಸಿರಬಹುದು, ಹಳಬರು ಬೇರಿನ ತನಕ ಹೋಗಿರಬಹುದು ಎಂಬುದೊಂದು ಊಹೆ. ಮೊದಲ ಕೋರ್ಸಿನಲ್ಲಿ ಸುಲಭವಾಗಿ ಅಂಕ ಬಂದವರು ಮುಂದೆ ಉದಾಸೀನ ಮಾಡಿರಬಹುದು ಎಂಬುದು ಇನ್ನೊಂದು.

ವೃತ್ತದ ಅಂಚಿನಲ್ಲಿ

ಬೇರಿನ ತನಕ ಹೋಗುವುದೆಂದರೆ ಏನು? ದ್ವಿತೀಯ ಪಿಯುಸಿ ಗಣಿತ ಓದಿದವರು ಒಂದು ಸಣ್ಣ ಲೆಕ್ಕ ನೋಡಲಿ. ವೃತ್ತದ ವಿಸ್ತೀರ್ಣ ಪೈ ಆರ್ ವರ್ಗ. ಅದನ್ನು ಆರ್‌ಗೆ ಅನ್ವಯಿಸಿ ಅವಕಲನ ಮಾಡಿದರೆ 2 ಪೈ ಆರ್. ಘಾತವನ್ನು ಮುಂದಕ್ಕೆ ತಂದು ಒಂದು ಕಳೆ ಎಂಬ ಸೂತ್ರ ಗೊತ್ತಿದ್ದವನಿಗೆ ಇದು ಅರೆಗಳಿಗೆಯ ಕೆಲಸ, ಅಂಕವೂ ಪೂರ್ತಿ. ಆದರೆ 2 ಪೈ ಆರ್ ಎಂದರೆ ಅದೇ ವೃತ್ತದ ಪರಿಧಿಯಲ್ಲವೇ? ವಿಸ್ತೀರ್ಣದಿಂದ ಪರಿಧಿ ಹೇಗೆ ಹುಟ್ಟಿಕೊಂಡಿತು? ವೃತ್ತದ ತ್ರಿಜ್ಯವನ್ನು ಕೂದಲೆಳೆಯಷ್ಟು ಹಿಗ್ಗಿಸಿ ನೋಡಿ. ಹೊಸದಾಗಿ ಸೇರುವುದು ಅಂಚಿನ ಸುತ್ತ ಒಂದು ತೆಳ್ಳನೆಯ ಬಳೆ. ಅದರ ಉದ್ದ ಪರಿಧಿಯಷ್ಟು, ಅಗಲ ಕೂದಲೆಳೆಯಷ್ಟು. ವಿಸ್ತೀರ್ಣ ಬೆಳೆಯುವ ದರ ಪರಿಧಿಯೇ ಆಗಬೇಕಾದದ್ದು ಹೀಗೆ.

ಇಲ್ಲಿ ಚುರುಕಾದ ಹುಡುಗಿಯೊಬ್ಬಳು ಎದ್ದು, ಚೌಕದಲ್ಲಿ ಹೀಗೇಕಾಗುವುದಿಲ್ಲ ಎಂದು ಕೇಳಬಹುದು. ಬಾಹುವಿನ ವರ್ಗವನ್ನು ಅವಕಲನ ಮಾಡಿದರೆ ಬಾಹುವಿನ ಎರಡರಷ್ಟು ಬರುತ್ತದೆ, ಸುತ್ತಳತೆ ನಾಲ್ಕರಷ್ಟು. ಒಂದು ಮೂಲೆಯನ್ನು ಕದಲದಂತೆ ಹಿಡಿದು ಬಾಹುವನ್ನು ಬೆಳೆಸಿದರೆ ಚೌಕ ಉಬ್ಬುವುದು ಎರಡು ಕಡೆ ಮಾತ್ರ, ಅದಕ್ಕೇ. ನಡುಬಿಂದುವಿನಿಂದ ಅಂಚಿಗಿರುವ ದೂರವನ್ನು ಅಳತೆಯಾಗಿ ಹಿಡಿದರೆ ನಾಲ್ಕೂ ಕಡೆ ಬೆಳೆದು, ಆಗ ಸುತ್ತಳತೆಯೇ ಬರುತ್ತದೆ. ಮಾಡಿ ನೋಡಿ.

ಇಂಥ ಪ್ರಶ್ನೆಗೆ ತರಗತಿಯಲ್ಲಿ ಇಪ್ಪತ್ತು ನಿಮಿಷವಾದರೂ ಹೋಗುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ಪರೀಕ್ಷೆಗೆ ಬರುವ ಹತ್ತು ಲೆಕ್ಕ ಬಿಡಿಸಬಹುದಿತ್ತು. ನಮೂನೆ ತುಂಬುವ ದಿನ ವಿದ್ಯಾರ್ಥಿಗೆ ನೆನಪಾಗುವುದು ಬಿಟ್ಟುಹೋದ ಆ ಹತ್ತು ಲೆಕ್ಕ. ಆ ಬಳೆಯ ನೆನಪು ಕೈಹಿಡಿಯುವುದು ಮರುವರ್ಷ, ಗೋಳದ ಮೇಲ್ಮೈ, ಪಾತ್ರೆಗೆ ತುಂಬುವ ನೀರಿನ ವೇಗ ಮುಂತಾದ ಲೆಕ್ಕಗಳು ಬಂದಾಗ. ಅಷ್ಟು ಹೊತ್ತಿಗೆ ಹಿಂದಿನ ಮೇಷ್ಟರಿಗೆ ಅಂಕ ಕೊಟ್ಟಾಗಿರುತ್ತದೆ.

ಇದು ವಾಯುಪಡೆಯವರ ವಿಚಿತ್ರವೇ ಎಂದರೆ, ಅಲ್ಲ. ಇಟಲಿಯ ಮಿಲಾನ್ ನಗರದ ಬೊಕೋನಿ ವಿಶ್ವವಿದ್ಯಾಲಯದಲ್ಲೂ ವಿದ್ಯಾರ್ಥಿಗಳನ್ನು ತರಗತಿಗಳಿಗೆ ಹೀಗೆಯೇ ಹಂಚುತ್ತಿದ್ದರು. 2014ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲೂ ಮುಂದಿನ ಕೋರ್ಸುಗಳಿಗೆ ಚೆನ್ನಾಗಿ ಅಣಿಗೊಳಿಸಿದ ಅಧ್ಯಾಪಕರಿಗೇ ಕಡಿಮೆ ಅಂಕ. ಮಳೆ, ಚಳಿಯ ದಿನಗಳಲ್ಲಿ ನಮೂನೆ ತುಂಬಿಸಿದರೆ ಅಂಕ ಇನ್ನೂ ಇಳಿಯುತ್ತಿತ್ತಂತೆ! ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಒಂದು ಗುಂಪು ಸೊಗಸಾದ ಉಪನ್ಯಾಸ ಕೇಳಿತು, ಇನ್ನೊಂದು ಗುಂಪು ತಾವೇ ತಿಣುಕಿ ಲೆಕ್ಕ ಬಿಡಿಸಿತು. ಕಿರುಪರೀಕ್ಷೆಯಲ್ಲಿ ತಿಣುಕಿದವರೇ ಮುಂದೆ. ಹೆಚ್ಚು ಕಲಿತೆವು ಎಂದು ಭಾವಿಸಿದವರು ಮಾತ್ರ ಉಪನ್ಯಾಸ ಕೇಳಿದವರು. ಕೆನಡಾದಲ್ಲಂತೂ ರಾಯರ್ಸನ್ ಎಂದು ಆಗ ಹೆಸರಿದ್ದ ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ಬಡ್ತಿಗಾಗಿ ಬೋಧನೆಯ ಪರಿಣಾಮ ಅಳೆಯಲು ಈ ಅಂಕಗಳನ್ನು ಬಳಸಬಾರದೆಂದು ಮಧ್ಯಸ್ಥಗಾರರು 2018ರಲ್ಲಿ ತೀರ್ಪಿತ್ತರು.

ಹಾಗೆಂದು ಕಠಿಣವಾಗಿ ಪಾಠ ಮಾಡುವವರೆಲ್ಲ ಒಳ್ಳೆಯ ಮೇಷ್ಟರೆಂದು ಯಾರೂ ಬೀಗಬೇಕಾಗಿಲ್ಲ. ಅರ್ಥವಾಗದ ಪಾಠಕ್ಕೂ ಆಳವಾದ ಪಾಠಕ್ಕೂ ಬಹಳ ಅಂತರವಿದೆ. ಅಮೆರಿಕದ ಗಣಿತ ಸಂಘವೊಂದು 2010ರಲ್ಲಿ ದೇಶದ ಕಾಲೇಜುಗಳಲ್ಲಿ ಕಲನಶಾಸ್ತ್ರದ ಮೊದಲ ಕೋರ್ಸಿನ ಸಮೀಕ್ಷೆ ನಡೆಸಿತು. ಕೋರ್ಸು ಮುಗಿಯುವಷ್ಟರಲ್ಲಿ ವಿದ್ಯಾರ್ಥಿಗಳಿಗೆ ಗಣಿತದ ಮೇಲಿದ್ದ ಪ್ರೀತಿಯೂ ತಮ್ಮ ಮೇಲಿದ್ದ ಭರವಸೆಯೂ ಮೊದಲಿಗಿಂತ ಕುಗ್ಗಿದ್ದವು. ಎಂಜಿನಿಯರ್ ಆಗಬೇಕೆಂದು ಬಂದ ಮಗು ಆ ದಾರಿಯನ್ನೇ ಬಿಡುವುದು ಇಂಥ ಕಡೆ. ಮೇಷ್ಟರು ಹೊತ್ತಿಗೆ ಬರುತ್ತಾರೆಯೇ, ಬೋರ್ಡಿನ ಬರಹ ಕೊನೆಯ ಬೆಂಚಿಗೆ ಕಾಣುತ್ತದೆಯೇ, ಸಂದೇಹ ಕೇಳಿದವರನ್ನು ಗದರುತ್ತಾರೆಯೇ, ಟೆಸ್ಟ್ ಪೇಪರ್ ತಿದ್ದಿ ವಾಪಸು ಕೊಡುತ್ತಾರೆಯೇ, ಇವುಗಳನ್ನು ವಿದ್ಯಾರ್ಥಿಯಲ್ಲದೆ ಬೇರಾರೂ ಹೇಳಲಾರರು. ಕಣ್ಣಾರೆ ಕಂಡದ್ದಕ್ಕೆ ವಿದ್ಯಾರ್ಥಿ ಒಳ್ಳೆಯ ಸಾಕ್ಷಿ. ಎಷ್ಟು ಕಲಿತೆ ಎಂಬುದಕ್ಕೆ ಅಷ್ಟಾಗಿ ಅಲ್ಲ. ನಮೂನೆಗಳಲ್ಲಿ ಎರಡನ್ನೂ ಕಲಸಿ, ಸರಾಸರಿ ತೆಗೆದು, ದಶಮಾಂಶದ ಎರಡನೆಯ ಸ್ಥಾನದ ತನಕ ಅಧ್ಯಾಪಕರನ್ನು ಸಾಲಾಗಿ ನಿಲ್ಲಿಸುವುದು ಗಣಿತದ ದೃಷ್ಟಿಯಿಂದಲೂ ಶೋಭಿಸುವುದಿಲ್ಲ. ಮಗನನ್ನೋ ಮಗಳನ್ನೋ ಸೇರಿಸುವಾಗ ‘ಅಲ್ಲಿ ಪಾಠ ಚೆನ್ನಾಗಿದೆಯಂತೆ’ ಎಂಬ ಮಾತನ್ನು ನಂಬುವ ಪೋಷಕರು, ಹಾಗೆಂದದ್ದು ಈ ವರ್ಷ ಓದುತ್ತಿರುವ ಹುಡುಗನೋ, ಎರಡು ವರ್ಷ ಮುಂದೆ ಹೋದವನೋ ಎಂದು ವಿಚಾರಿಸುವುದು ಮೇಲು.

ಇನ್ನೊಂದು ದೋಷವೂ ಇದೆ. ಸೆಮಿಸ್ಟರಿನ ಕೊನೆಯಲ್ಲಿ ಹೇಳಿದ ಮಾತಿನಿಂದ ಹೇಳಿದವನಿಗೆ ಏನೂ ಪ್ರಯೋಜನವಿಲ್ಲ. ಅವನ ಪಾಠ ಮುಗಿದಿರುತ್ತದೆ. ಹಾರ್ವರ್ಡ್‌ನ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮಾಸ್ಟೆಲ್ಲರ್ ಇದಕ್ಕೆ ಸರಳವಾದ ಉಪಾಯ ಮಾಡಿ, 1989ರಲ್ಲಿ ಅದರ ಬಗ್ಗೆ ಬರೆದರು. ತರಗತಿಯ ಕೊನೆಯ ಕೆಲವು ನಿಮಿಷ ಉಳಿಸಿಕೊಂಡು ವಿದ್ಯಾರ್ಥಿಗಳಿಗೆ ಚೀಟಿ ಬರೆಯಲು ಹೇಳುವುದು. ಇಂದಿನ ಪಾಠದ ಮುಖ್ಯಾಂಶ ಯಾವುದು? ಎಲ್ಲಕ್ಕಿಂತ ಗೊಂದಲವಾದದ್ದು ಯಾವುದು? ಇನ್ನೂ ಯಾವುದರ ಬಗ್ಗೆ ಕೇಳಬೇಕೆನಿಸುತ್ತದೆ? ಐದಕ್ಕೆ ಎಷ್ಟು ಎಂಬ ಮಾತೇ ಇಲ್ಲ. ಖರ್ಚು ಒಂದು ಹಾಳೆ.

ಕಲನಶಾಸ್ತ್ರದ ಮೊದಲ ವಾರದಲ್ಲಿ ಇಂಥ ಚೀಟಿ ಬರೆಸಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಎಕ್ಸ್ ವರ್ಗದ ಅವಕಲನ ಮಾಡುವಾಗ ಮೊದಲು ಎಚ್‌ನಿಂದ ಭಾಗಿಸಿದಿರಿ, ಆಮೇಲೆ ಎಚ್ ಸೊನ್ನೆ ಎಂದು ಬಿಟ್ಟುಬಿಟ್ಟಿರಿ. ಸೊನ್ನೆಯಿಂದ ಭಾಗಿಸಬಾರದೆಂದು ಹೈಸ್ಕೂಲಿನಲ್ಲಿ ಹೇಳಿರಲಿಲ್ಲವೇ? ಇದು ದಡ್ಡರ ಪ್ರಶ್ನೆಯಲ್ಲ. 1734ರಲ್ಲಿ ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ ನ್ಯೂಟನ್ನನ ಅನುಯಾಯಿಗಳನ್ನು ತರಾಟೆಗೆ ತೆಗೆದುಕೊಂಡದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ ಹಿಡಿದು. ಅದಕ್ಕೆ ಬೇಕಾದ ಲಿಮಿಟ್ ಎಂಬ ಕಲ್ಪನೆಯನ್ನು ಫ್ರಾನ್ಸಿನ ಕೌಶಿ ತನ್ನ ಪಠ್ಯಪುಸ್ತಕದಲ್ಲಿ ಗಟ್ಟಿ ನೆಲೆಯ ಮೇಲೆ ನಿಲ್ಲಿಸಿದ್ದು 1821ರಲ್ಲಿ. ನಡುವೆ 87 ವರ್ಷ ಹಿಡಿದಿತ್ತು.