ಸ್ನಾಯುಬಲವೂ ಮಧುಮೇಹದ ನಿವಾರಣೆಯೂ

ವ್ಯಾಯಾಮವೆಂದೊಡನೆ ವೈದ್ಯರೂ ರೋಗಿಗಳೂ ಸಾಮಾನ್ಯವಾಗಿ ನಡಿಗೆಯನ್ನೇ ಮನಸ್ಸಿಗೆ ತಂದುಕೊಳ್ಳುತ್ತಾರೆ. ಇದಕ್ಕೆ ಕಾರಣವಿಲ್ಲದಿಲ್ಲ. ೧೯೫೩ರಲ್ಲಿ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಶೋಧನೆಯಲ್ಲಿ, ದಿನವಿಡೀ ಕುಳಿತಿರುವ ಲಂಡನ್ನಿನ ಬಸ್ಸು ಚಾಲಕರಿಗಿಂತ, ಮಹಡಿ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯೆಂದು ಕಂಡುಬಂದಿತು. ಹೃದಯ ಶ್ವಾಸಕೋಶಗಳ ಶ್ರಮಕ್ಕೆ ಹೀಗೆ ದೊರೆತ ಮನ್ನಣೆಯು ಭಾರವೆತ್ತುವ ಶ್ರಮಕ್ಕೆ ಬಹುಕಾಲ ದೊರೆಯಲಿಲ್ಲ. ಅದು ಜಟ್ಟಿಗಳ ವಿಷಯವೆಂದು ವಿದ್ಯಾವಂತರಾದ ನಾವು ಬದಿಗಿಟ್ಟೆವು. ಮಧುಮೇಹವನ್ನು ಮುಂದಿಟ್ಟುಕೊಂಡು ವಿಚಾರಿಸಿದರೆ ಈ ಉಪೇಕ್ಷೆಯು ಸಲ್ಲದೆಂದು ನಮಗೆ ತೋರುತ್ತದೆ.

ಸ್ನಾಯುವು ಕೈಕಾಲುಗಳನ್ನು ಆಡಿಸುವುದಲ್ಲದೆ ಸಕ್ಕರೆಯ ಕಣಜವೂ ಆಗಿದೆ. ಉಂಡ ಅನ್ನ, ಮುದ್ದೆ, ರೊಟ್ಟಿಗಳ ಪಿಷ್ಟವು ಜೀರ್ಣವಾಗಿ ಗ್ಲೂಕೋಸಿನ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಅದರಲ್ಲಿ ಒಡನೆಯೇ ಬೇಕಾಗದ ಒಂದು ಭಾಗವು ಗ್ಲೈಕೋಜನ್ ಎಂಬ ವಸ್ತುವಾಗಿ ಶೇಖರವಾಗುವುದು. ವಯಸ್ಕನ ಯಕೃತ್ತಿನಲ್ಲಿ ಸುಮಾರು ೧೦೦ ಗ್ರಾಂ ಗ್ಲೈಕೋಜನ್ ಇದ್ದರೆ ಸ್ನಾಯುಗಳಲ್ಲಿ ಸುಮಾರು ೪೦೦ ಗ್ರಾಂ ಇರುತ್ತದೆ. ಗ್ಲೂಕೋಸು ಸ್ನಾಯುಕೋಶದೊಳಕ್ಕೆ ಹೋಗುವ ಬಾಗಿಲು ಗ್ಲುಟ್-೪ ಎಂಬ ಪ್ರೋಟೀನು. ವಿಶ್ರಾಂತಿಯಲ್ಲಿ ಇದು ಬಹುಮಟ್ಟಿಗೆ ಕೋಶದೊಳಗೆ ಅಡಗಿರುತ್ತದೆ. ಇನ್ಸುಲಿನ್ ಕರೆದಾಗ ಹೊರಪೊರೆಗೆ ಸರಿಯುತ್ತದೆ. ಎರಡನೆಯ ಬಗೆಯ ಮಧುಮೇಹದಲ್ಲಿ ಸ್ನಾಯುವು ಈ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಆದರೆ ಸ್ನಾಯುವು ಸಂಕೋಚಗೊಂಡಾಗಲೂ ಈ ಪ್ರೋಟೀನು ಹೊರಪೊರೆಗೆ ಬರುತ್ತದೆ. ಅದಕ್ಕೆ ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ. ಈ ಗುಣವು ನಡಿಗೆಗೂ ಉಂಟಷ್ಟೆ ಎಂದು ಓದುಗರು ಆಕ್ಷೇಪಿಸಬಹುದು. ಉಂಟು. ಆದರೆ ನಡಿಗೆಯು ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಬೆಳೆಸುವುದಿಲ್ಲ. ಭಾರವೆತ್ತುವ ವ್ಯಾಯಾಮವು ಬಾಗಿಲನ್ನು ತೆರೆಯುವುದರೊಡನೆ ಕಣಜವನ್ನೂ ಹಿಗ್ಗಿಸುತ್ತದೆ.

೨೦೦೨ರಲ್ಲಿ ಬೋಸ್ಟನ್ನಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ನಿದರ್ಶನ. ಲ್ಯಾಟಿನ್ ಅಮೆರಿಕ ಮೂಲದ ೬೨ ಮಂದಿ ವೃದ್ಧ ಮಧುಮೇಹಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂದಿನ ಚಿಕಿತ್ಸೆಯ ಜೊತೆಗೆ ೧೬ ವಾರಗಳ ಕಾಲ ಭಾರದ ವ್ಯಾಯಾಮವನ್ನು ಮಾಡಿಸಿದರು. ಹಿಂದಿನ ಎರಡು ಮೂರು ತಿಂಗಳ ರಕ್ತಶರ್ಕರೆಯನ್ನು ತಿಳಿಸುವ, ಸಕ್ಕರೆ ಅಂಟಿದ ಹೀಮೋಗ್ಲೋಬಿನ್ನಿನ ಪ್ರಮಾಣವು ಈ ಗುಂಪಿನಲ್ಲಿ ಶೇಕಡಾ ೮.೭ರಿಂದ ೭.೬ಕ್ಕೆ ಇಳಿಯಿತು. ಸ್ನಾಯುವಿನ ಗ್ಲೈಕೋಜನ್ ಹೆಚ್ಚಿತು. ವ್ಯಾಯಾಮ ಮಾಡಿದವರಲ್ಲಿ ಶೇಕಡಾ ೭೨ ಮಂದಿಗೆ ಔಷಧದ ಪ್ರಮಾಣವನ್ನು ತಗ್ಗಿಸಲಾಯಿತು.

ಇದು ರೋಗ ಬಂದ ಮೇಲಿನ ಮಾತು. ಬಾರದಂತೆ ತಡೆಯುವ ಬಗ್ಗೆ ೨೦೧೨ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವು ೩೨,೦೦೨ ಪುರುಷರನ್ನು ೧೮ ವರ್ಷ ಅನುಸರಿಸಿತು. ವಾರಕ್ಕೆ ೧೫೦ ನಿಮಿಷವಾದರೂ ಭಾರದ ವ್ಯಾಯಾಮ ಮಾಡುವವರಲ್ಲಿ ಮಧುಮೇಹದ ಸಂಭವವು ಶೇಕಡಾ ೩೪ರಷ್ಟು ಕಡಿಮೆಯಿತ್ತು. ಬಿರುಸಿನ ನಡಿಗೆ, ಓಟ ಮುಂತಾದವುಗಳಲ್ಲಿ ಅಷ್ಟೇ ಕಾಲ ತೊಡಗುವವರಲ್ಲಿ ಶೇಕಡಾ ೫೨ರಷ್ಟು. ಎರಡನ್ನೂ ಅಷ್ಟಷ್ಟು ಮಾಡುವವರಲ್ಲಿ ಶೇಕಡಾ ೫೯ರಷ್ಟು. ಆದುದರಿಂದ ನಡಿಗೆಯನ್ನು ಬಿಟ್ಟು ಭಾರವನ್ನು ಹಿಡಿಯಿರೆಂದು ಹೇಳುವುದು ಅವಿವೇಕ. ಅಲ್ಲದೆ ಇಂತಹ ವೀಕ್ಷಣೆಗಳಿಂದ ಕಾರ್ಯಕಾರಣ ಸಂಬಂಧವು ಪೂರ್ಣವಾಗಿ ಸಿದ್ಧಿಸುವುದಿಲ್ಲ. ವ್ಯಾಯಾಮ ಮಾಡುವವನು ಇತರ ವಿಷಯಗಳಲ್ಲಿಯೂ ಎಚ್ಚರಿಕೆಯುಳ್ಳವನಾಗಿರಬಹುದು.

ಈ ವಿಚಾರವು ನಮ್ಮ ದೇಶದವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ೨೦೦೪ರಲ್ಲಿ ಪುಣೆಯ ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ ಎಂಬ ಇಬ್ಬರು ವೈದ್ಯರು ತಮ್ಮ ಶರೀರಗಳನ್ನೇ ಹೋಲಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವು ಇಬ್ಬರಿಗೂ ೨೨.೩. ಆದರೆ ಕೊಬ್ಬು ಯಡ್ಕಿನ್ನರಲ್ಲಿ ಶೇಕಡಾ ೯.೧, ಯಾಜ್ಞಿಕರಲ್ಲಿ ಶೇಕಡಾ ೨೧.೨! ತಕ್ಕಡಿಯು ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸಿ ತೂಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯವೇಕೆ? ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ಭಾರತದ ಮಧುಮೇಹಿಗಳನ್ನು ಸುಮಾರು ೧೦.೧ ಕೋಟಿಯೆಂದು ಅಂದಾಜು ಮಾಡಿದೆ. ಅವರಲ್ಲಿ ತೆಳ್ಳಗೆ ಕಾಣುವವರೂ ಉಂಟು.

ಇದಕ್ಕೆ ದುಬಾರಿಯ ಯಂತ್ರಗಳೇ ಆಗಬೇಕೆಂದಿಲ್ಲ. ನಮ್ಮ ಗರಡಿಮನೆಗಳ ದಂಡ, ಬಸ್ಕಿಗಳು ಶರೀರದ ತೂಕವನ್ನೇ ಭಾರವಾಗಿ ಬಳಸುವ ಉಪಾಯಗಳು. ಬಸ್ಕಿಯಲ್ಲಿ ದುಡಿಯುವ ತೊಡೆ ಮತ್ತು ಪೃಷ್ಠದ ಸ್ನಾಯುಗಳು ಶರೀರದಲ್ಲೇ ದೊಡ್ಡವು. ಶಾಲೆಗಳಲ್ಲಿ ಅದನ್ನು ದಂಡನೆಯಾಗಿ ಬಳಸಿ ಒಂದು ಒಳ್ಳೆಯ ವ್ಯಾಯಾಮಕ್ಕೆ ಅಪಕೀರ್ತಿ ತಂದದ್ದು ವಿಷಾದಕರ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೊರಡಿಸಿದ ಸೂಚನೆಯಂತೆ ವಯಸ್ಕರು ವಾರದಲ್ಲಿ ಎರಡು ದಿನವಾದರೂ ಮುಖ್ಯ ಸ್ನಾಯುಗಳನ್ನೆಲ್ಲ ಬಲಪಡಿಸುವ ವ್ಯಾಯಾಮ ಮಾಡತಕ್ಕದ್ದು. ಭಾರವನ್ನು ಕ್ರಮಕ್ರಮವಾಗಿ ಏರಿಸಬೇಕು. ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡವು ಥಟ್ಟನೆ ಏರುವುದರಿಂದ ಎತ್ತುವಾಗ ಉಸಿರನ್ನು ಹೊರಬಿಡುವುದು ಒಳ್ಳೆಯದು. ಮಧುಮೇಹದಿಂದ ಕಣ್ಣಿನ ಅಕ್ಷಿಪಟಲವು ಕೆಟ್ಟಿರುವವರು ವೈದ್ಯರನ್ನು ಕೇಳದೆ ದೊಡ್ಡ ಭಾರವನ್ನು ಮುಟ್ಟಬಾರದು.