ಮುರಿದ ಮೂಳೆಗೆ ಪ್ಲಾಸ್ಟಿಕ್ ಪ್ರತಿರೂಪ
ಚಿತ್ರದುರ್ಗ-ಹಿರಿಯೂರು ಹೆದ್ದಾರಿಯ ಅಪಘಾತದಲ್ಲಿ ಸೊಂಟದ ಮೂಳೆ ಚೂರುಚೂರಾದರೆ ಎಕ್ಸ್‌ರೇ ಒಂದರಿಂದಲೇ ಎಲ್ಲವೂ ತಿಳಿಯದು. ಇಂಥಲ್ಲಿ ಮೂರು ಆಯಾಮದ ಮುದ್ರಣ ನೆರವಾಗುತ್ತದೆ. ಸಿ.ಟಿ. ಸ್ಕ್ಯಾನಿನ ಮಾಹಿತಿಯನ್ನು ಆಧರಿಸಿ, ಯಂತ್ರವು ಪ್ಲಾಸ್ಟಿಕ್ಕನ್ನು ಪದರಪದರವಾಗಿ ಪೇರಿಸಿ ಅದೇ ಅಳತೆಯ ಮೂಳೆಯ ಮಾದರಿ ಮಾಡುತ್ತದೆ. ಇದನ್ನು ದೇಹದೊಳಗೆ ಇಡುವುದಿಲ್ಲ. ವೈದ್ಯರು ಇದನ್ನು ಕೈಯಲ್ಲಿ ಹಿಡಿದು ನೋಡಿ, ಲೋಹದ ಪಟ್ಟಿಯನ್ನು ಮೊದಲೇ ಬಗ್ಗಿಸಿಕೊಳ್ಳುತ್ತಾರೆ. ಇದರಿಂದ ಶಸ್ತ್ರಚಿಕಿತ್ಸೆಯ ಅವಧಿಯೂ ರಕ್ತಸ್ರಾವವೂ ಕಡಿಮೆಯಾಗಬಹುದು. ಸಾಧಾರಣ ಮುರಿತಕ್ಕೆ ಇದು ಬೇಕಿಲ್ಲ.

ಆದರೆ ನೆನಪಿಡಿ: ಸೊಂಟದ ಮೂಳೆ ಮುರಿದಾಗ ಒಳಗೇ ರಕ್ತ ಸೋರಿ ಪ್ರಾಣಕ್ಕೆ ಅಪಾಯವಾಗಬಹುದು. ಹೊಸದುರ್ಗವಿರಲಿ, ಹೊಳಲ್ಕೆರೆಯಿರಲಿ, ಗಾಯಾಳುವನ್ನು ಎಬ್ಬಿಸಿ ಕೂರಿಸಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ; ಕೂಡಲೇ 108ಕ್ಕೆ ಕರೆಮಾಡಿ. ಮುಂದೆ ದೊಡ್ಡ ಆಸ್ಪತ್ರೆಗೆ ಹೋಗುವಾಗ ಸ್ಕ್ಯಾನಿನ ಫಿಲ್ಮ್ ಜೊತೆಗೆ ಸಿ.ಡಿ.ಯನ್ನೂ ಕೇಳಿ ಪಡೆದು ಒಯ್ಯಿರಿ. ಮಾದರಿಗೆ ಬೇಕಾದ ಮಾಹಿತಿ ಇರುವುದು ಅದರಲ್ಲೇ.