ದಾಖಲೆಗಳನ್ನು ಓದುವ ಬಗೆ

ಆಟವು ಆಡಿ ಮುಗಿಯುವವರೆಗೆ ಮಾತ್ರ ಕಣ್ಣೆದುರಿಗೆ ಇರುತ್ತದೆ. ಕೊನೆಯ ಸೀಟಿ ಮೊಳಗಿದ ಮೇಲೆ ಮೈದಾನ ಬರಿದಾಗುತ್ತದೆ. ಗೆದ್ದವರ ಸಂಭ್ರಮವೂ ಸೋತವರ ಸಂಕಟವೂ ಕಾಲಕ್ರಮದಲ್ಲಿ ಮರೆಯಾಗುತ್ತವೆ. ಬಳಿಕ ಉಳಿಯುವುದು ದಾಖಲೆಯೊಂದೇ. ಯಾರು ಯಾರೊಡನೆ ಆಡಿದರು, ಎಷ್ಟು ಗೋಲು ಹೊಡೆದರು, ಎಷ್ಟು ಮಂದಿ ನೋಡಿದರು ಎಂಬ ವಿವರಗಳನ್ನು ಇಂಗ್ಲೆಂಡಿನ ಕಾಲ್ಚೆಂಡು ಸಂಘಗಳು ನೂರು ವರ್ಷಗಳಿಗೂ ಮಿಕ್ಕಿ ಜತನದಿಂದ ಬರೆದಿಟ್ಟುಕೊಂಡು ಬಂದಿವೆ. ಮ್ಯಾಂಚೆಸ್ಟರ್ ಯುನೈಟೆಡ್ ಸಂಘದ ದಾಖಲೆಯು ಅಂತಹವುಗಳಲ್ಲಿ ಒಂದು. ಮೇಲುನೋಟಕ್ಕೆ ಅದು ಅಂಕಿಗಳ ಪಟ್ಟಿ. ಆದರೆ ಅಕ್ಷರಗಳನ್ನು ಓದುವುದಕ್ಕೆ ಬೇಕಾದಂತೆ ಅಂಕಿಗಳನ್ನು ಓದುವುದಕ್ಕೂ ಅಭ್ಯಾಸ ಬೇಕು.

ಈ ಸಂಘದ ಹುಟ್ಟು ಬಲು ಸಾಧಾರಣವಾದುದು. 1878ರಲ್ಲಿ ಲ್ಯಾಂಕಾಷೈರ್ ಮತ್ತು ಯಾರ್ಕ್‌ಷೈರ್ ರೈಲ್ವೆಯ ಗಾಡಿ ಕಾರ್ಖಾನೆಯ ಕೆಲಸಗಾರರು ಬಿಡುವಿನ ವೇಳೆಯಲ್ಲಿ ಆಡಲೆಂದು ಅದನ್ನು ಕಟ್ಟಿಕೊಂಡರು. ತಾವಿದ್ದ ಬಡಾವಣೆಯ ಹೆಸರಿನಿಂದ ಅದನ್ನು ನ್ಯೂಟನ್ ಹೀತ್ ಎಂದು ಕರೆದರು. 1892ರಲ್ಲಿ ಅದು ಫುಟ್‌ಬಾಲ್ ಲೀಗನ್ನು ಸೇರಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ 2,670 ಪೌಂಡುಗಳ ಸಾಲ ಮೈಮೇಲೆ ಬಂದು, ಸಂಘವು ಮುಚ್ಚಿಹೋಗುವ ಸ್ಥಿತಿಗೆ ತಲುಪಿತು. ಜಾನ್ ಹೆನ್ರಿ ಡೇವಿಸ್ ಎಂಬ ಮದ್ಯ ತಯಾರಿಕೆಯ ಉದ್ಯಮಿಯೂ ಮತ್ತಿತರರೂ ಹಣ ಹೂಡಿ ಅದನ್ನು ಉಳಿಸಿದರು. 1902ರಲ್ಲಿ ಸಂಘವು ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೊಸ ಹೆಸರನ್ನು ತಳೆಯಿತು. 1910ರಲ್ಲಿ ಓಲ್ಡ್ ಟ್ರಾಫರ್ಡ್ ಎಂಬ ಕ್ರೀಡಾಂಗಣವು ಅದರ ನೆಲೆಯಾಯಿತು.

2013ರ ವೇಳೆಗೆ ಈ ಸಂಘವು ಇಂಗ್ಲೆಂಡಿನ ಲೀಗ್ ಪ್ರಶಸ್ತಿಯನ್ನು 20 ಬಾರಿ ಗೆದ್ದಿತ್ತು. ಆ ಸಂಖ್ಯೆಯನ್ನು ಲಿವರ್‌ಪೂಲ್ ಸಂಘವು 2025ರಲ್ಲಿ ಸರಿಗಟ್ಟಿತು. 20 ಎಂಬ ಅಂಕಿಯನ್ನು ಮಾತ್ರ ನೋಡಿದವನಿಗೆ ಗೆಲವು ಈ ಸಂಘದ ನಿತ್ಯದ ಸಂಗಾತಿಯೆಂಬ ಭಾವನೆ ಬರಬಹುದು. ಗೆದ್ದ ವರ್ಷಗಳನ್ನು ಜೋಡಿಸಿ ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. 1908 ಮತ್ತು 1911ರ ಪ್ರಶಸ್ತಿಗಳ ಬಳಿಕ ಮುಂದಿನದು ಬಂದುದು 1952ರಲ್ಲಿ. ನಡುವೆ 41 ವರ್ಷಗಳ ಅಂತರ. ಮ್ಯಾಟ್ ಬಸ್ಬಿ ಅವರು ವ್ಯವಸ್ಥಾಪಕರಾಗಿದ್ದ ಕಾಲದಲ್ಲಿ ಐದು ಪ್ರಶಸ್ತಿಗಳು ದೊರೆತವು. 1967ರ ನಂತರ ಪುನಃ 26 ವರ್ಷಗಳ ಬರಗಾಲ. ಉಳಿದ 13 ಪ್ರಶಸ್ತಿಗಳೂ 1993ರಿಂದ 2013ರವರೆಗೆ, ಅಲೆಕ್ಸ್ ಫರ್ಗುಸನ್ ಎಂಬ ಒಬ್ಬರೇ ವ್ಯವಸ್ಥಾಪಕರ ಕೈಯಲ್ಲಿ ಬಂದವು. ಮೊತ್ತವು ಎಷ್ಟೆಂದು ತಿಳಿಸುತ್ತದೆಯೇ ಹೊರತು ಯಾವಾಗ, ಹೇಗೆ ಎಂಬುದನ್ನು ತಿಳಿಸುವುದಿಲ್ಲ.

ದಾಖಲೆಯ ಪುಸ್ತಕವು ಸೋಲನ್ನೂ ಮರೆಮಾಚುವುದಿಲ್ಲ. 1956ರಲ್ಲಿ ಬೆಲ್ಜಿಯಂ ದೇಶದ ಆಂಡರ್ಲೆಕ್ಟ್ ತಂಡವನ್ನು 10–0 ಗೋಲುಗಳಿಂದ ಸೋಲಿಸಿದ ಸಂಗತಿ ಇರುವಲ್ಲಿಯೇ, 0–7ರಿಂದ ಸೋತ ಸಂಗತಿಗಳೂ ಇವೆ. ಅಂತಹ ಸೋಲು 1926, 1930 ಮತ್ತು 1931ರಲ್ಲಿ ಒದಗಿತ್ತು. 2023ರಲ್ಲಿ ಲಿವರ್‌ಪೂಲ್ ವಿರುದ್ಧ ಅದು ಮರುಕಳಿಸಿತು. 1930–31ರ ಋತುವಿನ ಮೊದಲ ಹನ್ನೆರಡು ಲೀಗ್ ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಸೋತ ತಂಡವು, ಆ ವರ್ಷ 42 ಪಂದ್ಯಗಳಲ್ಲಿ ಎದುರಾಳಿಗಳಿಗೆ 115 ಗೋಲುಗಳನ್ನು ಬಿಟ್ಟುಕೊಟ್ಟು ಎರಡನೆಯ ವಿಭಾಗಕ್ಕೆ ಇಳಿಯಿತು. 1934ರಲ್ಲಿ ಮೂರನೆಯ ವಿಭಾಗಕ್ಕೆ ಜಾರಬೇಕಾಗಿದ್ದ ಅಪಾಯವು ಋತುವಿನ ಕೊನೆಯ ಪಂದ್ಯದ ಗೆಲವಿನಿಂದ ತಪ್ಪಿತು.

ಕೆಲವು ಅಂಕಿಗಳು ವಿವರಣೆಯಿಲ್ಲದೆ ಅರ್ಥವಾಗುವುದೇ ಇಲ್ಲ. ಓಲ್ಡ್ ಟ್ರಾಫರ್ಡಿನಲ್ಲಿ ಸೇರಿದ ಅತಿ ದೊಡ್ಡ ಜನಸಂದಣಿ 76,962. ಆದರೆ 1939ರ ಮಾರ್ಚ್ 25ರಂದು ನೆರೆದಿದ್ದ ಆ ಜನರು ಯುನೈಟೆಡ್ ತಂಡವನ್ನು ನೋಡಲು ಬಂದವರಲ್ಲ. ಅಂದು ಅಲ್ಲಿ ನಡೆದುದು ವುಲ್ವರ್‌ಹ್ಯಾಂಪ್ಟನ್ ಮತ್ತು ಗ್ರಿಮ್ಸ್‌ಬಿ ತಂಡಗಳ ನಡುವಣ ಎಫ್.ಎ. ಕಪ್ ಸೆಮಿಫೈನಲ್ ಪಂದ್ಯ. ಇನ್ನು, ಯುನೈಟೆಡ್ ತವರಿನ ತಂಡವಾಗಿ ಆಡಿದ ಲೀಗ್ ಪಂದ್ಯಕ್ಕೆ ಸೇರಿದ ಅತಿ ಹೆಚ್ಚಿನ ಜನಸಂಖ್ಯೆ 83,260; ಅದು 1948ರ ಜನವರಿಯಲ್ಲಿ ಆರ್ಸೆನಲ್ ತಂಡದೊಡನೆ ನಡೆದ ಪಂದ್ಯ. ಆದರೆ ಆ ಪಂದ್ಯ ನಡೆದುದು ಓಲ್ಡ್ ಟ್ರಾಫರ್ಡಿನಲ್ಲಿ ಅಲ್ಲ! ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರ ಮಾರ್ಚ್ ತಿಂಗಳಿನಲ್ಲಿ, ಜರ್ಮನ್ ಬಾಂಬುಗಳು ಆ ಕ್ರೀಡಾಂಗಣವನ್ನು ಹಾಳುಗೆಡವಿದ್ದವು. ಹೀಗಾಗಿ 1949ರವರೆಗೆ ಯುನೈಟೆಡ್ ತನ್ನ ಪಂದ್ಯಗಳನ್ನು ಅದೇ ಊರಿನ ಎದುರಾಳಿಯಾದ ಮ್ಯಾಂಚೆಸ್ಟರ್ ಸಿಟಿಯ ಮೈದಾನವಾದ ಮೇನ್ ರೋಡಿನಲ್ಲಿ ಆಡಬೇಕಾಯಿತು. ನೋಡುಗರ ಲೆಕ್ಕದ ಸಾಲೊಂದರಲ್ಲಿ ಯುದ್ಧದ ಇತಿಹಾಸವೇ ಅಡಗಿದೆ.

ಆಟಗಾರರ ದಾಖಲೆಗಳನ್ನು ಹೋಲಿಸುವಾಗ ಇನ್ನೂ ಎಚ್ಚರ ಬೇಕು. ಸಂಘದ ಪರವಾಗಿ ಅತಿ ಹೆಚ್ಚು ಪಂದ್ಯಗಳನ್ನು ಆಡಿದವರು ರಯಾನ್ ಗಿಗ್ಸ್, 963 ಪಂದ್ಯಗಳು. ಅತಿ ಹೆಚ್ಚು ಗೋಲು ಹೊಡೆದವರು ವೇಯ್ನ್ ರೂನಿ. 559 ಪಂದ್ಯಗಳಲ್ಲಿ 253 ಗೋಲುಗಳು. ಇವರಿಗಿಂತ ಮೊದಲು ಈ ಎರಡು ದಾಖಲೆಗಳೂ ಬಾಬಿ ಚಾರ್ಲ್‌ಟನ್ ಒಬ್ಬರವೇ ಆಗಿದ್ದವು. 1956ರಿಂದ 1973ರವರೆಗೆ ಅವರು 758 ಪಂದ್ಯಗಳನ್ನಾಡಿ 249 ಗೋಲುಗಳನ್ನು ಗಳಿಸಿದ್ದರು. ಡೆನಿಸ್ ಲಾ ಅವರ ಲೆಕ್ಕ 404 ಪಂದ್ಯಗಳಲ್ಲಿ 237. ಮೊತ್ತವನ್ನು ನೋಡಿದರೆ ರೂನಿ ಮೊದಲಿಗರು, ಚಾರ್ಲ್‌ಟನ್ ಎರಡನೆಯವರು, ಲಾ ಮೂರನೆಯವರು. ಸರಾಸರಿಯನ್ನು ತೆಗೆದರೆ ಈ ಕ್ರಮ ಬದಲಾಗುತ್ತದೆ. ಹತ್ತು ಪಂದ್ಯಗಳಿಗೆ ಲಾ ಸುಮಾರು ಆರು ಗೋಲುಗಳನ್ನೂ, ರೂನಿ ನಾಲ್ಕೂವರೆಯನ್ನೂ, ಚಾರ್ಲ್‌ಟನ್ ಮೂರಕ್ಕಿಂತ ತುಸು ಹೆಚ್ಚನ್ನೂ ಹೊಡೆದಂತಾಯಿತು. ಹಾಗೆಂದು ಚಾರ್ಲ್‌ಟನ್ ಕಡಿಮೆಯವರೆಂದು ತೀರ್ಮಾನಿಸುವುದು ತಪ್ಪಾದೀತು. ಲಾ ಮುಂಚೂಣಿಯ ಆಟಗಾರರು. ಚಾರ್ಲ್‌ಟನ್ ಬಹುಕಾಲ ಮಧ್ಯಪಂಕ್ತಿಯಲ್ಲಿ ನಿಂತು ಮುಂದಿನವರಿಗೆ ಚೆಂಡನ್ನು ಒದಗಿಸಿಕೊಟ್ಟವರು. ಆ ಕಾಲದ ದಾಖಲೆಯಲ್ಲಿ ಗೋಲು ಹೊಡೆದವನ ಹೆಸರಿಗೆ ಸ್ಥಾನವಿತ್ತು; ಚೆಂಡು ಒದಗಿಸಿದವನ ಹೆಸರಿಗೆ ಇರಲಿಲ್ಲ.

ಇದೇ ಪಟ್ಟಿಯಲ್ಲಿ ಟಾಮಿ ಟೇಲರ್ ಎಂಬ ಹೆಸರಿದೆ. ಅವರ ಗೋಲುಗಳು 131 ಮಾತ್ರ. ಆದರೆ ಆಡಿದ ಪಂದ್ಯಗಳು 191. ಎಂದರೆ ಹತ್ತಕ್ಕೆ ಏಳರಷ್ಟು. ಸರಾಸರಿಯಲ್ಲಿ ಮೇಲಿನ ಮೂವರನ್ನೂ ಮೀರಿಸಿದ ಈ ಆಟಗಾರರ ಲೆಕ್ಕವು 1958ರಲ್ಲಿ ಥಟ್ಟನೆ ನಿಂತುಹೋಗಿದೆ. ಆಗ ಅವರ ವಯಸ್ಸು 26.

1958ರ ಫೆಬ್ರವರಿ 6ರಂದು, ಬೆಲ್‌ಗ್ರೇಡ್ ನಗರದಲ್ಲಿ ಯೂರೋಪಿಯನ್ ಕಪ್ ಪಂದ್ಯವನ್ನಾಡಿ ಯುನೈಟೆಡ್ ತಂಡವು ವಿಮಾನದಲ್ಲಿ ಹಿಂದಿರುಗುತ್ತಿತ್ತು. ಇಂಧನ ತುಂಬಿಸಿಕೊಳ್ಳಲು ವಿಮಾನವು ಜರ್ಮನಿಯ ಮ್ಯೂನಿಕ್‌ನಲ್ಲಿ ಇಳಿದಿತ್ತು. ಅಲ್ಲಿಂದ ಮೇಲೇರಲು ನಡೆಸಿದ ಎರಡು ಪ್ರಯತ್ನಗಳು ವಿಫಲವಾದವು. ಮೂರನೆಯ ಪ್ರಯತ್ನದಲ್ಲಿ, ಓಡುಹಾದಿಯ ಮೇಲಿನ ಕರಗುಹಿಮದಿಂದ ವೇಗ ಕುಂದಿ, ವಿಮಾನವು ಹಾದಿಯ ಕೊನೆಯನ್ನು ದಾಟಿ ಅಪ್ಪಳಿಸಿತು. ಅದರಲ್ಲಿದ್ದ 44 ಜನರಲ್ಲಿ 23 ಮಂದಿ ಅಸುನೀಗಿದರು. ಸತ್ತವರಲ್ಲಿ ಎಂಟು ಮಂದಿ ಯುನೈಟೆಡ್ ಆಟಗಾರರು, ಟೇಲರ್ ಅವರಲ್ಲೊಬ್ಬರು. ಬಸ್ಬಿ ತೀವ್ರವಾಗಿ ಗಾಯಗೊಂಡರು.

ದುರಂತವಾದ ಹದಿಮೂರನೆಯ ದಿನ ಓಲ್ಡ್ ಟ್ರಾಫರ್ಡಿನಲ್ಲಿ ಷೆಫೀಲ್ಡ್ ವೆಡ್ನೆಸ್ಡೇ ತಂಡದೊಡನೆ ಪಂದ್ಯ ನಡೆಯಬೇಕಾಗಿತ್ತು. ಪಂದ್ಯದ ವಿವರಪತ್ರಿಕೆಯನ್ನು ಎಂದಿನಂತೆ ಅಚ್ಚು ಹಾಕಿಸಲಾಯಿತು. ಒಂದು ಬದಿಯಲ್ಲಿ ಷೆಫೀಲ್ಡಿನ ಹನ್ನೊಂದು ಹೆಸರುಗಳಿದ್ದವು. ಇನ್ನೊಂದು ಬದಿಯಲ್ಲಿ, ಯುನೈಟೆಡ್ ಆಟಗಾರರ ಹೆಸರುಗಳು ಇರಬೇಕಾದ ಹನ್ನೊಂದು ಸ್ಥಾನಗಳೂ ಖಾಲಿಯಾಗಿದ್ದವು. ಯಾರು ಆಡುವರೆಂಬುದು ಅಚ್ಚಿನ ವೇಳೆಗೆ ನಿಶ್ಚಯವಾಗಿರಲಿಲ್ಲ. ಬಸ್ಬಿಯವರ ಸಹಾಯಕರಾಗಿದ್ದ ಜಿಮ್ಮಿ ಮರ್ಫಿ ಅವರು ದುರಂತದಲ್ಲಿ ಬದುಕುಳಿದ ಇಬ್ಬರನ್ನು, ಅನುಭವವಿಲ್ಲದ ಎಳೆಯರನ್ನು, ಹೊರಗಿನಿಂದ ಕರೆತಂದವರನ್ನು ಸೇರಿಸಿ ತಂಡ ಕಟ್ಟಿದರು. ಆ ತಂಡವು 3–0 ಗೋಲುಗಳಿಂದ ಗೆದ್ದಿತು. ಅದೇ ವರ್ಷ ಎಫ್.ಎ. ಕಪ್ಪಿನ ಅಂತಿಮ ಪಂದ್ಯವನ್ನೂ ಮುಟ್ಟಿ, ಅಲ್ಲಿ ಬೋಲ್ಟನ್ ತಂಡಕ್ಕೆ 0–2ರಿಂದ ಸೋತಿತು. ದಾಖಲೆಯಲ್ಲಿ ಈ ಪಂದ್ಯವು ಕೇವಲ ಒಂದು ಸೋಲು. ಹಿನ್ನೆಲೆಯನ್ನು ಅರಿತವನು ಅದನ್ನು ಬರಿಯ ಸೋಲೆಂದು ಕರೆಯಲಾರ.

ಚೇತರಿಸಿಕೊಂಡ ಬಸ್ಬಿ ಮತ್ತೆ ತಂಡವನ್ನು ಕಟ್ಟತೊಡಗಿದರು. ಹತ್ತು ವರ್ಷಗಳ ಬಳಿಕ, 1968ರ ಮೇ 29ರಂದು, ಲಂಡನ್ನಿನ ವೆಂಬ್ಲಿಯಲ್ಲಿ ಯುನೈಟೆಡ್ ತಂಡವು ಪೋರ್ಚುಗಲ್ಲಿನ ಬೆನ್‌ಫಿಕಾ ತಂಡವನ್ನು 4–1ರಿಂದ ಸೋಲಿಸಿ, ಯೂರೋಪಿಯನ್ ಕಪ್ಪನ್ನು ಗೆದ್ದ ಮೊದಲ ಇಂಗ್ಲಿಷ್ ಸಂಘವೆನಿಸಿತು. ಮ್ಯೂನಿಕ್ಕಿನಲ್ಲಿ ಬದುಕುಳಿದ ಬಿಲ್ ಫೌಲ್ಕ್ಸ್ ಮತ್ತು ಬಾಬಿ ಚಾರ್ಲ್‌ಟನ್ ಇಬ್ಬರೂ ಅಂದು ಮೈದಾನದಲ್ಲಿದ್ದರು. ನಾಲ್ಕು ಗೋಲುಗಳಲ್ಲಿ ಎರಡು ಚಾರ್ಲ್‌ಟನ್ ಅವರವು. ಈ ಏಳಿಗೆಯೂ ಶಾಶ್ವತವಾಗಲಿಲ್ಲ. ಕೇವಲ ಆರು ವರ್ಷಗಳಲ್ಲಿ, 1974ರಲ್ಲಿ, ಅದೇ ಸಂಘವು ಎರಡನೆಯ ವಿಭಾಗಕ್ಕೆ ಇಳಿಯಿತು. ಮರುವರ್ಷವೇ ಮೇಲೆದ್ದು ಬಂದಿತು.

ದಾಖಲೆಗಳು ಸುಳ್ಳಾಡುವುದಿಲ್ಲ, ಆದರೆ ತಾವಾಗಿಯೇ ಎಲ್ಲವನ್ನೂ ಹೇಳುವುದೂ ಇಲ್ಲ. ಎಷ್ಟು ಎಂದು ತಿಳಿದ ಬಳಿಕ ಯಾವಾಗ, ಎಲ್ಲಿ, ಎಂತಹ ಸನ್ನಿವೇಶದಲ್ಲಿ ಎಂದು ಕೇಳುವವನಿಗೆ ಮಾತ್ರ ಅವು ಬಾಯಿಬಿಡುತ್ತವೆ. 249 ಎಂಬ ಸಂಖ್ಯೆಯನ್ನು 253 ಮೀರಿಸಿತು. ಮುಂದೊಂದು ದಿನ ಅದನ್ನೂ ಮತ್ತೊಂದು ಸಂಖ್ಯೆ ಮೀರಿಸಬಹುದು. 1958ರ ವಿವರಪತ್ರಿಕೆಯಲ್ಲಿ ಬರೆಯದೆ ಬಿಟ್ಟ ಹನ್ನೊಂದು ಸ್ಥಾನಗಳಿಗೆ ಅಂತಹ ಪೈಪೋಟಿಯಿಲ್ಲ. ಆ ಸಂಘದ ಚರಿತ್ರೆಯನ್ನು ಅರಿಯಬಯಸುವವರು ಅಂಕಿಗಳ ಜೊತೆಗೆ ಆ ಖಾಲಿ ಸಾಲುಗಳನ್ನೂ ಓದಬೇಕು.